ಮಕ್ಕಳ ಜೀವ ಉಳಿಸಲು ದುಡ್ಡು ಕೊಡುವುದಾದರೆ ಯಾವುದಕ್ಕೆ ಕೊಡಬೇಕು?

ಬೋನಸ್ ಬಂದಾಗ, ಮಗಳ ಹುಟ್ಟುಹಬ್ಬಕ್ಕೆ, ಅಪ್ಪನ ತಿಥಿಗೆ ಅಂತ ಒಂದಿಷ್ಟು ಹಣ ತೆಗೆದಿಟ್ಟು ಬಡ ಮಕ್ಕಳ ಆರೋಗ್ಯಕ್ಕೆ ಕೊಡುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಕೊಡುವ ಮನಸ್ಸಿರುತ್ತದೆ, ಯಾವುದಕ್ಕೆ ಅನ್ನುವುದೇ ತಿಳಿಯುವುದಿಲ್ಲ. ಕೊನೆಗೆ ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊ ನೋಡಿ ಕಳಿಸಿಬಿಡುತ್ತೇವೆ. ಸೊಳ್ಳೆ ಪರದೆ, ಲಸಿಕೆ, ವಿಟಮಿನ್ ಹನಿ, ಹಸುಗೂಸಿನ ಆರೈಕೆ, ಹೃದಯದ ಆಪರೇಷನ್: ಇವುಗಳಲ್ಲಿ ಯಾವುದಕ್ಕೆ ಕೊಟ್ಟರೆ ಏನಾಗುತ್ತದೆ ಎಂದು ಇಲ್ಲಿ ಪಕ್ಕಪಕ್ಕ ಇಟ್ಟು ನೋಡೋಣ.

ಮೊದಲು ಒಂದಿಷ್ಟು ಅಂಕಿ. 1990ರಲ್ಲಿ ಜಗತ್ತಿನಲ್ಲಿ ಐದು ವರ್ಷ ತುಂಬುವ ಮೊದಲೇ ತೀರಿಕೊಂಡ ಮಕ್ಕಳು 1.2 ಕೋಟಿಗೂ ಜಾಸ್ತಿ. 2022ರಲ್ಲಿ ಆ ಸಂಖ್ಯೆ 49 ಲಕ್ಷಕ್ಕೆ ಇಳಿದಿತ್ತು. ಇಷ್ಟು ಇಳಿದದ್ದು ದೊಡ್ಡ ದೊಡ್ಡ ಆಸ್ಪತ್ರೆಗಳಿಂದಲ್ಲ. ಬಹುಪಾಲು ಲಸಿಕೆ, ಉಪ್ಪು ಸಕ್ಕರೆ ನೀರು, ಪರದೆ, ಸುರಕ್ಷಿತ ಹೆರಿಗೆ, ಇಂಥ ಅಗ್ಗದ ಕೆಲಸಗಳಿಂದ. ಆದರೆ ಉಳಿದ 49 ಲಕ್ಷದಲ್ಲಿ 23 ಲಕ್ಷ ಮಕ್ಕಳು ಹುಟ್ಟಿದ 28 ದಿನದೊಳಗೇ ಸತ್ತಿದ್ದರು. ಅಂದರೆ ಹೆಚ್ಚುಕಡಿಮೆ ಅರ್ಧ.

ಹಾಗಾಗಿ 'ಯಾವುದು ಒಳ್ಳೆಯದು' ಎಂದು ಕೇಳುವ ಮೊದಲು ಎರಡು ಪ್ರಶ್ನೆ ಕೇಳಬೇಕು. ಯಾವ ಊರಿನ ಮಗು? ಯಾವ ವಯಸ್ಸಿನ ಮಗು? ನೈಜೀರಿಯಾ, ನೈಜರ್, ಚಾಡ್ ಕಡೆ ಹುಟ್ಟುವ ಸಾವಿರ ಮಕ್ಕಳಲ್ಲಿ ನೂರರ ಆಸುಪಾಸು ಮಕ್ಕಳು ಐದು ವರ್ಷ ಕಾಣುವುದಿಲ್ಲ. ಅಲ್ಲಿ ಒಂದೆರಡು ವರ್ಷ ದಾಟಿದ ಮಗುವಿಗೂ ಮಲೇರಿಯಾ ಕಾಟ ಇದ್ದೇ ಇದೆ. ನಮ್ಮ ದೇಶದ ಕಥೆ ಬೇರೆ. 2020ರ ಎಸ್‌ಆರ್‌ಎಸ್ (ಸರ್ಕಾರದ ಜನನ ಮರಣ ಮಾದರಿ ಸಮೀಕ್ಷೆ) ಲೆಕ್ಕದಲ್ಲಿ ಸಾವಿರಕ್ಕೆ 32 ಮಕ್ಕಳು ಐದು ವರ್ಷದೊಳಗೆ ಸಾಯುತ್ತಿದ್ದರು, ಅದರಲ್ಲಿ 20 ಮಕ್ಕಳು ಮೊದಲ ತಿಂಗಳಲ್ಲೇ. ಆಫ್ರಿಕಾದ ಸಾಹೆಲ್ ಪಟ್ಟಿಯಲ್ಲಿ (ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನ ದೇಶಗಳಲ್ಲಿ) ಜೀವ ಉಳಿಸುವ ವಸ್ತು ಇಲ್ಲಿ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಇಲ್ಲಿ ಬೇಕಾದದ್ದು ಅಲ್ಲಿ ಸಾಲುವುದಿಲ್ಲ.

ಮಲೇರಿಯಾ: ಪರದೆ, ಮಾತ್ರೆ, ಲಸಿಕೆ

ಮಲೇರಿಯಾದಿಂದ 2023ರಲ್ಲಿ ಸುಮಾರು 5,97,000 ಜನ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹತ್ತಿರ ಹತ್ತಿರ 95% ಸಾವು ಆಫ್ರಿಕಾದಲ್ಲಿ. ಅಲ್ಲಿ ಸತ್ತವರಲ್ಲಿ ನಾಲ್ಕರಲ್ಲಿ ಮೂರು ಪಾಲು ಐದು ವರ್ಷದೊಳಗಿನ ಮಕ್ಕಳು. ಇದನ್ನು ತಡೆಯಲು ಮೂರು ದಾರಿ ಇವೆ, ಮೂರರ ಗುಣವೂ ಬೇರೆ ಬೇರೆ.

ಕೀಟನಾಶಕ ಲೇಪಿಸಿದ ಸೊಳ್ಳೆ ಪರದೆಗೆ ಇರುವಷ್ಟು ಗಟ್ಟಿ ಸಾಕ್ಷಿ ಈ ಕ್ಷೇತ್ರದಲ್ಲಿ ಸಿಗುವುದು ಕಷ್ಟ. ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಪರದೆ ಕೊಟ್ಟ ಕಡೆ ಮಕ್ಕಳ ಒಟ್ಟು ಸಾವು 17% ಕಡಿಮೆಯಾಗಿತ್ತು. ಬರೀ ಮಲೇರಿಯಾ ಸಾವಲ್ಲ, ಎಲ್ಲ ಕಾರಣದ ಸಾವು ಸೇರಿಸಿ. ಪರದೆಯ ಬೆಲೆ 2 ಡಾಲರ್ ಆಸುಪಾಸು. ಲಾರಿ, ದೋಣಿ, ಸೈಕಲ್ ಎಲ್ಲ ಹತ್ತಿ ಮನೆ ಮುಟ್ಟುವಷ್ಟರಲ್ಲಿ ಖರ್ಚು ಅದರ ಎರಡು ಮೂರು ಪಟ್ಟಾಗುತ್ತದೆ. ಎರಡು ಮೂರು ವರ್ಷಕ್ಕೆ ಹರಿಯುತ್ತದೆ, ಮತ್ತೆ ಹೊಸದು ಬೇಕು. ಪರದೆಯಲ್ಲಿ ಮೀನು ಹಿಡಿಯುತ್ತಾರಂತೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಕೆಲವು ಕಡೆ ಹಿಡಿಯುವುದು ನಿಜ. ಆದರೆ ಹಂಚಿದ ಮೇಲೆ ಮನೆಮನೆಗೆ ಹೋಗಿ ನೋಡಿದರೆ ಬಹಳಷ್ಟು ಪರದೆ ಹಾಸಿಗೆಯ ಮೇಲೇ ಕಟ್ಟಿರುತ್ತದೆ. ನಿಜವಾದ ತೊಂದರೆ ಇನ್ನೊಂದಿದೆ. ಹಳೆ ಔಷಧಕ್ಕೆ ಸೊಳ್ಳೆಗಳು ಜಗ್ಗದಂತಾಗಿವೆ. ಅದಕ್ಕೇ 2023ರಲ್ಲಿ ಎರಡು ಔಷಧ ಬೆರೆಸಿದ ಪರದೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು. ಪರದೆಗೆ ಹಣ ಕೊಡುವವರು ಆ ಸಂಸ್ಥೆ ಯಾವ ಬಗೆಯ ಪರದೆ ಕೊಳ್ಳುತ್ತದೆ ಎಂದು ನೋಡಲೇಬೇಕು. ಈ ಕೆಲಸದಲ್ಲಿ ಹೆಸರಾದದ್ದು ಅಗೇನ್ಸ್ಟ್ ಮಲೇರಿಯಾ ಫೌಂಡೇಶನ್.

ಎರಡನೆಯದು ಮಳೆಗಾಲದ ಮಾತ್ರೆ. ಸಾಹೆಲ್‌ನಲ್ಲಿ ಮಲೇರಿಯಾ ಬಹುಪಾಲು ಮಳೆಯ ನಾಲ್ಕೈದು ತಿಂಗಳಲ್ಲೇ ಹರಡುತ್ತದೆ. ಆ ತಿಂಗಳುಗಳಲ್ಲಿ 3 ತಿಂಗಳಿನಿಂದ 5 ವರ್ಷದೊಳಗಿನ ಮಕ್ಕಳಿಗೆ ತಿಂಗಳಿಗೊಮ್ಮೆ ಮೂರು ದಿನ ಮಾತ್ರೆ ಕೊಡುತ್ತಾರೆ. ಕಾಯಿಲೆ ಇರಲಿ ಇಲ್ಲದಿರಲಿ, ಮುಂಜಾಗ್ರತೆಗೆ. 2012ರಿಂದ ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಇದೆ. ಸರಿಯಾಗಿ ಕೊಟ್ಟರೆ ಆ ಹಂಗಾಮಿನ ಮಲೇರಿಯಾದಲ್ಲಿ ಮುಕ್ಕಾಲು ಪಾಲು ತಪ್ಪುತ್ತದೆ. 2023ರಲ್ಲಿ ಸರಾಸರಿ 5.3 ಕೋಟಿ ಮಕ್ಕಳಿಗೆ ಇದು ತಲುಪಿತ್ತು. ಮೊದಲ ದಿನದ ಮಾತ್ರೆಯನ್ನು ಕಾರ್ಯಕರ್ತೆ ಎದುರಿಗೇ ನುಂಗಿಸುತ್ತಾಳೆ, ಉಳಿದೆರಡು ದಿನದ್ದು ತಾಯಿಯ ಕೈಯಲ್ಲಿ. ಕಹಿ ಮಾತ್ರೆ, ಮಗು ಉಗಿದರೆ ಹೋಯಿತು. ಯೋಜನೆ ಗೆಲ್ಲುವುದೂ ಸೋಲುವುದೂ ಆ ಎರಡು ದಿನದಲ್ಲಿ. ಇದರಲ್ಲಿ ಮುಂದಿರುವ ಸಂಸ್ಥೆ ಮಲೇರಿಯಾ ಕನ್ಸಾರ್ಟಿಯಂ.

ಮೂರನೆಯದು ಲಸಿಕೆ. ಆರ್‌ಟಿಎಸ್,ಎಸ್ ಎಂಬ ಮೊದಲ ಲಸಿಕೆಗೆ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಘಾನಾ, ಕೀನ್ಯಾ, ಮಲಾವಿಯಲ್ಲಿ ಪ್ರಾಯೋಗಿಕವಾಗಿ ಕೊಟ್ಟಾಗ, ಲಸಿಕೆಯ ವಯಸ್ಸಿನ ಮಕ್ಕಳ ಒಟ್ಟು ಸಾವು 13% ಇಳಿಯಿತು. ಎರಡನೆಯದು ಆರ್21. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ರೂಪಿಸಿದ್ದು, ತಯಾರಾಗುವುದು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನಲ್ಲಿ. ಒಂದು ಡೋಸಿಗೆ 4 ಡಾಲರ್‌ಗಿಂತ ಕಡಿಮೆ. ಒಳ್ಳೆಯ ಸುದ್ದಿಯೇ. ಆದರೆ ಲಸಿಕೆ ಕೊಳ್ಳುವುದು ಗ್ಯಾವಿ ಎಂಬ ಒಕ್ಕೂಟ ಮತ್ತು ಸರ್ಕಾರಗಳು. ನಿಮ್ಮ ಹತ್ತು ಸಾವಿರ ಅಲ್ಲಿ ಹೋಗಿ ಏನು ಮಾಡಿತು ಎಂದು ಹೇಳುವುದೇ ಕಷ್ಟ. ನಾಲ್ಕು ಸಲ ಚುಚ್ಚಿಸಿಕೊಳ್ಳಲು ತಾಯಿ ಮಗುವನ್ನು ಎತ್ತಿಕೊಂಡು ಬರಬೇಕು ಅನ್ನುವುದೂ ಇದೆ.

ಈ ಮೂರರಲ್ಲಿ ನನ್ನ ಒಲವು ಮಳೆಗಾಲದ ಮಾತ್ರೆಯ ಕಡೆ. ಪರದೆ ಅದಕ್ಕೆ ತೀರಾ ಹತ್ತಿರದಲ್ಲಿದೆ. 2025ರಲ್ಲಿ ಅಮೆರಿಕ ಸರ್ಕಾರ ವಿದೇಶಿ ಆರೋಗ್ಯ ನೆರವನ್ನು ದಿಢೀರ್ ಕಡಿತ ಮಾಡಿತು. ಮೊದಲು ಸರ್ಕಾರದ ಹಣದಲ್ಲಿ ನಡೆಯುತ್ತಿದ್ದ ಮಲೇರಿಯಾ ಕೆಲಸಕ್ಕೆ ಈಗ ಸಾಮಾನ್ಯ ಜನರ ಹಣವೂ ಬೇಕಾಗಿದೆ.

ಲಸಿಕೆ ಇದೆ, ಮಗು ಬರುತ್ತಿಲ್ಲ

ದಡಾರ, ನ್ಯುಮೋನಿಯಾ, ನಾಯಿಕೆಮ್ಮಿನ ಲಸಿಕೆಗಳು ಬಡ ದೇಶಗಳಲ್ಲೂ ಪುಕ್ಕಟೆ. ಆದರೂ ಲಕ್ಷಾಂತರ ಮಕ್ಕಳಿಗೆ ಸಿಗುವುದಿಲ್ಲ. ಲಸಿಕೆಯನ್ನು ಯಾರೋ ಆಗಲೇ ಕೊಂಡಿಟ್ಟಿದ್ದಾರೆ. ಮಗುವನ್ನು ಅಲ್ಲಿಗೆ ಕರೆತರುವ ಕೆಲಸ ಬಾಕಿ ಇದೆ.

ಇದಕ್ಕೆ ಅಚ್ಚುಕಟ್ಟಾದ ಉದಾಹರಣೆ ರಾಜಸ್ಥಾನದ ಉದಯಪುರ ಜಿಲ್ಲೆಯದು. ಸೇವಾ ಮಂದಿರ ಸಂಸ್ಥೆ ಅಲ್ಲಿ ಹಳ್ಳಿಗಳಲ್ಲಿ ಪ್ರತಿ ತಿಂಗಳು ತಪ್ಪದೆ ಲಸಿಕೆ ಶಿಬಿರ ನಡೆಸಿತು. ಕೆಲವು ಹಳ್ಳಿಗಳಲ್ಲಿ ಪ್ರತಿ ಚುಚ್ಚುಮದ್ದಿಗೆ ಒಂದು ಕಿಲೋ ಬೇಳೆ ಕೊಟ್ಟಿತು, ಎಲ್ಲ ಮುಗಿದ ಮೇಲೆ ಊಟದ ತಟ್ಟೆ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಜೊತೆಗಾರರು ಅಳೆದು 2010ರಲ್ಲಿ ಪ್ರಕಟಿಸಿದ ಫಲಿತಾಂಶ ನೋಡಿ. ಏನೂ ಮಾಡದ ಹಳ್ಳಿಗಳಲ್ಲಿ ಎಲ್ಲ ಲಸಿಕೆ ಮುಗಿಸಿದ ಮಕ್ಕಳು 6%, ಶಿಬಿರ ಮಾತ್ರ ಇದ್ದಲ್ಲಿ 18%, ಬೇಳೆಯೂ ಇದ್ದಲ್ಲಿ 39%. ಬೇಳೆ ಕೊಟ್ಟರೆ ಖರ್ಚು ಜಾಸ್ತಿ ಅಲ್ವಾ ಅನ್ನಿಸಬಹುದು. ಹಾಗಾಗಲಿಲ್ಲ. ಎಲ್ಲ ಲಸಿಕೆ ಪಡೆದ ಒಂದು ಮಗುವಿಗೆ ಬಿದ್ದ ಖರ್ಚು 56 ಡಾಲರ್‌ನಿಂದ 28ಕ್ಕೆ ಇಳಿಯಿತು. ನರ್ಸ್ ಹೇಗೂ ದಿನವಿಡೀ ಕೂರಬೇಕು, ಹತ್ತು ಮಕ್ಕಳು ಬಂದರೂ ಅದೇ ಸಂಬಳ, ನಲವತ್ತು ಬಂದರೂ ಅದೇ.

ಇದೇ ದಾರಿಯಲ್ಲಿ ನೈಜೀರಿಯಾದ ಉತ್ತರ ಭಾಗದಲ್ಲಿ ನ್ಯೂ ಇನ್ಸೆಂಟಿವ್ಸ್ ಎಂಬ ಸಂಸ್ಥೆ ಬೇಳೆಯ ಬದಲು ಸ್ವಲ್ಪ ನಗದು ಕೊಡುತ್ತದೆ. ಸ್ವತಂತ್ರ ಪ್ರಯೋಗದಲ್ಲಿ ಪೂರ್ತಿ ಲಸಿಕೆ ಪಡೆದ ಮಕ್ಕಳ ಪ್ರಮಾಣ 27 ಶೇಕಡಾ ಅಂಶ ಏರಿತು.

ನಮ್ಮ ರಾಜ್ಯಕ್ಕೂ ಇಲ್ಲೊಂದು ಸಣ್ಣ ನಂಟಿದೆ. ಕರ್ನಾಟಕದ 213 ಹಳ್ಳಿಗಳಲ್ಲಿ ಸಂಶೋಧಕರು ಜನರನ್ನು ಕೇಳಿದ್ದು ಇಷ್ಟೇ: ಒಂದು ಸುದ್ದಿ ಊರಿಗೆಲ್ಲ ಮುಟ್ಟಬೇಕು ಅಂದರೆ ಯಾರಿಗೆ ಹೇಳಬೇಕು? ಊರವರು ತೋರಿಸಿದವರ ಬಾಯಿಗೆ ಬಿದ್ದ ಸುದ್ದಿ ನಿಜಕ್ಕೂ ಬೇಗ ಹಬ್ಬಿತು. ಯಾರು ಅಂತ ನಮ್ಮ ಹಳ್ಳಿಗಳಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ! ಅದೇ ಉಪಾಯವನ್ನು ಹರಿಯಾಣದಲ್ಲಿ ಲಸಿಕೆಗೆ ಬಳಸಿದಾಗ ಚುಚ್ಚಿಸಿಕೊಳ್ಳಲು ಬಂದ ಮಕ್ಕಳು 22% ಹೆಚ್ಚಾದರು. ಈಗ ಸುವಿತಾ ಎಂಬ ಸಂಸ್ಥೆ ಬಿಹಾರ, ಮಹಾರಾಷ್ಟ್ರಗಳಲ್ಲಿ ಇಂಥ ಊರ ಮಾತುಗಾರರನ್ನು ಮತ್ತು ಮೊಬೈಲ್ ಸಂದೇಶವನ್ನು ಬಳಸುತ್ತಿದೆ. ಸಣ್ಣ ಮೊತ್ತ ಕೊಡುವವರಿಗೆ, ಭಾರತದಲ್ಲೇ ಖರ್ಚಾಗಲಿ ಅನ್ನುವವರಿಗೆ ಇದು ನೋಡತಕ್ಕ ಆಯ್ಕೆ.

ವಿಟಮಿನ್ ಎ ಹನಿಯ ವಿಷಯದಲ್ಲಿ ನನಗೆ ಅಷ್ಟು ಧೈರ್ಯವಿಲ್ಲ. ಆರು ತಿಂಗಳಿಗೊಮ್ಮೆ ಕೊಡುವ ಈ ಹನಿ ಬಹಳ ಅಗ್ಗ. 1986ರಲ್ಲಿ ಇಂಡೋನೇಷ್ಯಾದ ಅಚೆಯ ಪ್ರಯೋಗ ಸಾವು 34% ಇಳಿಯಿತೆಂದು ತೋರಿಸಿತು. ಆದರೆ ಉತ್ತರ ಪ್ರದೇಶದಲ್ಲಿ ಸುಮಾರು 10 ಲಕ್ಷ ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಿಕ್ಕಿದ್ದು ಬರೀ 4%, ಅದೂ ಖಚಿತವಲ್ಲ. ದಡಾರ, ಭೇದಿ, ವಿಟಮಿನ್ ಕೊರತೆ ಮೂರೂ ಇನ್ನೂ ಜೋರಾಗಿರುವ ಆಫ್ರಿಕಾದ ದೇಶಗಳಲ್ಲಿ ಹೆಲೆನ್ ಕೆಲ್ಲರ್ ಇಂಟರ್‌ನ್ಯಾಷನಲ್ ಈ ಹನಿ ಹಂಚುತ್ತದೆ. ಅಲ್ಲಿಗಾದರೆ ಸರಿ. ನಮ್ಮಲ್ಲಿ ಇದು ಹೇಗೂ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ.

ಮೊದಲ 28 ದಿನ

ಭಾರತದಲ್ಲಿ ಹಣ ಹಾಕುವುದಾದರೆ ನಾನು ಹಾಕುವುದು ಇಲ್ಲಿ. ಹಸುಗೂಸುಗಳು ಸಾಯುವುದು ಮುಖ್ಯವಾಗಿ ಮೂರು ಕಾರಣಕ್ಕೆ: ದಿನ ತುಂಬದೆ ಕಡಿಮೆ ತೂಕದಲ್ಲಿ ಹುಟ್ಟುವುದು, ಹೆರಿಗೆಯಲ್ಲಿ ಉಸಿರುಗಟ್ಟುವುದು, ಸೋಂಕು. ಇವುಗಳಿಗೆ ಇಂಥದ್ದೊಂದು ವಸ್ತು ಕೊಟ್ಟರೆ ಸಾಕು ಅನ್ನುವಂತಿಲ್ಲ, ಜನ ಬೇಕು. ಅದಕ್ಕೇ ದಾನಿಗಳಿಗೆ ಇದು ಅಷ್ಟು ಹಿಡಿಸುವುದಿಲ್ಲ. ಪರದೆಯನ್ನು ಎಣಿಸಬಹುದು, ನರ್ಸ್ ಒಬ್ಬಳ ತಾಳ್ಮೆಯನ್ನು ಹೇಗೆ ಎಣಿಸುತ್ತೀರಿ?

ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಇದನ್ನು ಮಾಡಿ ತೋರಿಸಿದರು. ಅವರ ಸರ್ಚ್ ಸಂಸ್ಥೆ 39 ಹಳ್ಳಿಗಳಲ್ಲಿ ಸ್ವಲ್ಪ ಓದುಬರಹ ಬಲ್ಲ ಹೆಂಗಸರಿಗೆ ತರಬೇತಿ ಕೊಟ್ಟಿತು. ಮಗುವಿನ ತೂಕ ನೋಡುವುದು, ಬೆಚ್ಚಗಿಡುವುದು, ಎದೆಹಾಲು ಕುಡಿಸಲು ಸಹಾಯ ಮಾಡುವುದು, ಉಸಿರಾಡದ ಮಗುವಿಗೆ ಉಸಿರು ತುಂಬುವುದು, ಸೋಂಕಾದರೆ ಆ್ಯಂಟಿಬಯೋಟಿಕ್ ಚುಚ್ಚುಮದ್ದು ಕೊಡುವುದು, ಎಲ್ಲ ಬಾಣಂತಿಯ ಮನೆಯಲ್ಲೇ. ಮೂರನೇ ವರ್ಷದ ಹೊತ್ತಿಗೆ ಹಸುಗೂಸುಗಳ ಸಾವು 62% ಇಳಿದಿತ್ತು. ಖರ್ಚು ಆಗಿನ ಲೆಕ್ಕದಲ್ಲಿ ಒಂದು ಮಗುವಿಗೆ 5.3 ಡಾಲರ್. ಈಗ ಆಶಾ ಕಾರ್ಯಕರ್ತೆಯರು ಬಾಣಂತಿ ಮನೆಗೆ ಮೂರನೇ ದಿನ, ಏಳನೇ ದಿನ ಅಂತ ಬಂದು ಮಗು ನೋಡಿ ಹೋಗುತ್ತಾರಲ್ಲ, ಅದರ ಬೇರು ಇರುವುದು ಗಡ್‌ಚಿರೋಲಿಯಲ್ಲಿ.

ಇನ್ನೊಂದು ಪ್ರಯೋಗ ಉತ್ತರ ಪ್ರದೇಶದ ಶಿವಗಢದ್ದು. ಹುಟ್ಟಿದ ಕೂಡಲೇ ಮಗುವಿಗೆ ಸ್ನಾನ ಮಾಡಿಸಬೇಡಿ, ತಾಯಿಯ ಮೈಗೆ ಒತ್ತಿ ಹಿಡಿದಿಡಿ, ಬೇಗ ಎದೆಹಾಲು ಕೊಡಿ ಎಂದು ಮನೆಮನೆಗೆ ಹೋಗಿ ಹೇಳಿದ್ದೇ ದೊಡ್ಡ ಕೆಲಸ. ಸಾವು 54% ತಗ್ಗಿತು.

ಈ ಅಂಕಿಗಳನ್ನು ಹಾಗೇ ನಂಬಿ ಹಣ ಕಳಿಸಬೇಡಿ. ಮನೆಭೇಟಿಯ ಕೆಲಸ ಸರ್ಕಾರಿ ವ್ಯವಸ್ಥೆಯೊಳಗೆ, ದೊಡ್ಡ ಪ್ರಮಾಣದಲ್ಲಿ ನಡೆದಾಗ ಏನಾಯಿತು ಎಂದೂ ಲೆಕ್ಕ ಹಾಕಿದ್ದಾರೆ. ಅಲ್ಲಿ ಇಳಿಕೆ ಸುಮಾರು 12% ಮಾತ್ರ. ಹುಟ್ಟುಹಾಕಿದವರೇ ಕಣ್ಣಲ್ಲಿ ಕಣ್ಣಿಟ್ಟು ನಡೆಸಿದಾಗ ಆಗುವುದಕ್ಕೂ, ಹತ್ತು ರಿಜಿಸ್ಟರ್ ತುಂಬಬೇಕಾದ ಆಶಾ ಕಾರ್ಯಕರ್ತೆ ಮಾಡುವುದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. 12% ಕೂಡ ಸಣ್ಣದಲ್ಲ.

ಆಸ್ಪತ್ರೆಯೊಳಗಿನ ಆಯ್ಕೆ ಕಾಂಗರೂ ತಾಯಿ ಆರೈಕೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಡಾ. ಎಡ್ಗರ್ ರೇ ಸನಾಬ್ರಿಯಾ ಇದನ್ನು ಶುರು ಮಾಡಿದರು. ಕಡಿಮೆ ತೂಕದ ಮಗುವನ್ನು ತಾಯಿಯ ಬರಿ ಎದೆಗೆ ಕಟ್ಟಿ ಗಂಟೆಗಟ್ಟಲೆ ಹಾಗೇ ಇಡುವುದು. ಮೊದಲು ಮಗು ಸ್ವಲ್ಪ ಚೇತರಿಸಿಕೊಂಡ ಮೇಲೆ ಶುರು ಮಾಡಬೇಕು ಅನ್ನುತ್ತಿದ್ದರು. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದ ಪ್ರಯೋಗ 2021ರಲ್ಲಿ ಬೇರೆಯೇ ಹೇಳಿತು. ಹುಟ್ಟಿದ ಕೂಡಲೇ ಶುರು ಮಾಡಿದವರಲ್ಲಿ 12% ಮಕ್ಕಳು ಸತ್ತರೆ, ಕಾದು ಶುರು ಮಾಡಿದವರಲ್ಲಿ 15.7% ಸತ್ತಿದ್ದರು. ಲಾಭ ಇಷ್ಟು ಸ್ಪಷ್ಟವಾದ ಮೇಲೆ ಪ್ರಯೋಗವನ್ನು ಮಧ್ಯದಲ್ಲೇ ನಿಲ್ಲಿಸಿದರು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ಜಿಲ್ಲೆಗೆಲ್ಲ ಹಬ್ಬಿಸುವುದು ಹೇಗೆ ಎಂದು ಪರೀಕ್ಷೆ ನಡೆದಿದೆ.

ಇದಕ್ಕೆ ಕೊಟ್ಟ ಹಣ ಏನಾಗುತ್ತದೆ? ಮಗುವಿನ ಪಕ್ಕದಲ್ಲೇ ತಾಯಿ ಮಲಗಲು ಮಂಚ, ಒರಗಿ ಕೂರುವ ಕುರ್ಚಿ, ತಾಯಿಗೆ ಊಟ, ಹಾಲು ಕುಡಿಸಲು ಕಲಿಸುವ ನರ್ಸ್. ಯಂತ್ರ ಕೊಡಿಸಿ ಫಲಕ ಹಾಕಿಸಿಕೊಳ್ಳುವ ದಾನಿಗಳು ಇದನ್ನು ಕೇಳಿದರೆ ಮುಖ ಸಣ್ಣ ಮಾಡುತ್ತಾರೆ. ಯಂತ್ರ ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ ಎಂದು ಅವರು ಯೋಚಿಸಿರುವುದಿಲ್ಲ.

ಒಂದೇ ಮಗುವಿನ ಆಪರೇಷನ್‌ಗೆ ಕೊಟ್ಟರೆ ತಪ್ಪಾ?

'ಇನ್ನೂರು ರೂಪಾಯಿ ಪರದೆಯಿಂದ ಒಂದು ಜೀವ ಉಳಿಯುತ್ತದೆ' ಎಂದು ಕೆಲವರು ಬರೆಯುತ್ತಾರೆ. ಅದು ಸುಳ್ಳು. ಹೆಚ್ಚಿನ ಮಕ್ಕಳು ಪರದೆ ಇಲ್ಲದಿದ್ದರೂ ಬದುಕುತ್ತಿದ್ದರು. ನೂರಾರು ಪರದೆ ಕೊಟ್ಟರೆ ಒಂದು ಸಾವು ತಪ್ಪುತ್ತದೆ. ದಾನ ಸಂಸ್ಥೆಗಳನ್ನು ಅಳೆಯುವ ಗಿವ್‌ವೆಲ್ ಪ್ರಕಾರ, ಪರದೆ, ಮಳೆಗಾಲದ ಮಾತ್ರೆ, ವಿಟಮಿನ್ ಎ, ನೈಜೀರಿಯಾದ ಲಸಿಕೆ ಪ್ರೋತ್ಸಾಹ ಈ ನಾಲ್ಕರಲ್ಲೂ ಒಂದು ಜೀವ ಉಳಿಸಲು ತಗಲುವುದು ಸುಮಾರು 3,000ದಿಂದ 5,500 ಡಾಲರ್. ನಮ್ಮ ಲೆಕ್ಕದಲ್ಲಿ ಎರಡೂವರೆ ಲಕ್ಷದಿಂದ ಐದು ಲಕ್ಷದೊಳಗೆ.

ಹುಟ್ಟಿನಿಂದಲೇ ಹೃದಯದಲ್ಲಿ ತೂತಿರುವ ಮಗುವಿನ ಆಪರೇಷನ್ನಿಗೂ ಖರ್ಚು ಲಕ್ಷಗಳಲ್ಲೇ. ಹಾಗಾದರೆ ಎರಡೂ ಒಂದೇ ಆಯಿತಲ್ಲ? ಪೂರ್ತಿ ಹಾಗಲ್ಲ. ಆ ಆಪರೇಷನ್ನಿಗೆ ನಮ್ಮಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಂಥ ಸರ್ಕಾರಿ ಯೋಜನೆ ಇದೆ. ನೀವು ಕೊಡದಿದ್ದರೂ ಮಗುವಿಗೆ ಆಪರೇಷನ್ ಆಗುತ್ತಿತ್ತೇನೋ. ಪರದೆಯಿಂದಾದರೆ ಜೀವ ಉಳಿಯುವುದರ ಜೊತೆಗೆ ನೂರಾರು ಮಕ್ಕಳಿಗೆ ಜ್ವರ ತಪ್ಪುತ್ತದೆ. ಆದರೂ ಸರ್ಕಾರಿ ಯೋಜನೆಗೆ ಸೇರದ, ದಾಖಲೆ ಇಲ್ಲದ ವಲಸೆ ಕುಟುಂಬದ ಮಗುವಿಗೆ ಕೊಟ್ಟರೆ ಅದು ಹಣದ ಪೋಲು ಅಂತ ನಾನು ಹೇಳಲಾರೆ. ಕೊಡುವುದಾದರೆ ಮನೆಯವರ ಖಾತೆಗಲ್ಲ, ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಮಾತಾಡಿಸಿ ನೇರವಾಗಿ ಆಸ್ಪತ್ರೆಯ ಬಿಲ್ಲಿಗೇ ಕಟ್ಟಿ.

ಮಗುವಿನ ಫೋಟೊ, ಕಾಗದ ಕಳಿಸುವ 'ಪ್ರಾಯೋಜಿಸಿ' ಯೋಜನೆಗಳು ಬಹುತೇಕ ಓದಿಗೆ. ಸಾವು ತಡೆಯುವ ಲೆಕ್ಕದಲ್ಲಿ ಅವು ಬರುವುದಿಲ್ಲ.

ಹಾಗಾದರೆ ಯಾರು ಯಾವುದಕ್ಕೆ?

ನಮ್ಮ ರಾಜ್ಯಕ್ಕೇ ಕೊಡಬೇಕು ಅನ್ನುವ ಆಸೆ ಸಹಜ. ಆದರೆ 2020ರ ಎಸ್‌ಆರ್‌ಎಸ್‌ನಲ್ಲಿ ಒಂದು ವರ್ಷದೊಳಗಿನ ಮಕ್ಕಳ ಸಾವು ಕರ್ನಾಟಕದಲ್ಲಿ ಸಾವಿರಕ್ಕೆ 19 ಇದ್ದರೆ, ಉತ್ತರ ಪ್ರದೇಶದಲ್ಲಿ 38, ಮಧ್ಯ ಪ್ರದೇಶದಲ್ಲಿ 43. ಅದೇ ಹಣ ಅಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಇಲ್ಲೇ ಕೊಡುತ್ತೇನೆ ಅಂದರೆ ಬೆಂಗಳೂರು ಬಿಟ್ಟು ಕಲ್ಯಾಣ ಕರ್ನಾಟಕದ ಕಡೆ ನೋಡಿ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಮಲೇರಿಯಾ ಅಥವಾ ನೈಜೀರಿಯಾದ ಲಸಿಕೆ ಕೆಲಸ ಸುಲಭದ ಆಯ್ಕೆ. ಇಂಗ್ಲೆಂಡಿನಲ್ಲಿದ್ದರೆ ಗಿಫ್ಟ್ ಏಡ್ ಗುರುತು ಹಾಕಿ, ನೀವು ಕೊಟ್ಟ ನೂರಕ್ಕೆ ಸರ್ಕಾರ 25 ಸೇರಿಸುತ್ತದೆ. ಭಾರತದಲ್ಲಿರುವವರು ಆರ್‌ಬಿಐ ನಿಯಮದ ಪ್ರಕಾರ ವರ್ಷಕ್ಕೆ 2,50,000 ಡಾಲರ್ ಮಿತಿಯೊಳಗೆ ಹೊರಗೆ ದಾನ ಕಳಿಸಬಹುದು, ಆದರೆ ದಾನದ ಮೇಲಿನ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಇಲ್ಲಿನ ಸಂಸ್ಥೆಗೆ ಕೊಟ್ಟರೂ ಹೊಸ ತೆರಿಗೆ ಪದ್ಧತಿಯಲ್ಲಿ ಆ ವಿನಾಯಿತಿ ಇಲ್ಲ. ಹಳೆಯದರಲ್ಲಿದ್ದರೆ 2,000 ರೂಪಾಯಿಗಿಂತ ಜಾಸ್ತಿ ನಗದು ಕೊಡಬೇಡಿ, ದಾನದ ಪ್ರಮಾಣಪತ್ರ ಕೇಳಿ ಪಡೆಯಿರಿ.

ಭಾರತದೊಳಗೇ, ದೊಡ್ಡ ಮೊತ್ತ, ನಾಲ್ಕೈದು ವರ್ಷ ತಾಳ್ಮೆ ಇದೆ ಅನ್ನುವವರು ಹಸುಗೂಸಿನ ಆರೈಕೆಗೆ ಕೊಡಿ. ಸಂಸ್ಥೆಯನ್ನು ಒಂದೇ ಪ್ರಶ್ನೆ ಕೇಳಿ: ಕಳೆದ ವರ್ಷ ನಿಮ್ಮ ಪ್ರದೇಶದಲ್ಲಿ ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಸತ್ತರು? 'ಇಷ್ಟು ಜನರಿಗೆ ತರಬೇತಿ ಕೊಟ್ಟೆವು' ಎಂದು ಮಾತು ತಿರುಗಿಸಿದರೆ ಬೇರೆ ಸಂಸ್ಥೆ ಹುಡುಕಿ.

ದುಡ್ಡೇ ಬೇಡದ ಒಂದು ಆಯ್ಕೆ

ಭೇದಿಯಾದಾಗ ಕುಡಿಸುವ ಉಪ್ಪು ಸಕ್ಕರೆ ನೀರು, ಅಂದರೆ ಓಆರ್‌ಎಸ್‌ನ್ನು, ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. 1971ರ ಬಾಂಗ್ಲಾ ಯುದ್ಧದಲ್ಲಿ ಪಶ್ಚಿಮ ಬಂಗಾಳದ ಬಂಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿಯಿತು. ಡಾ. ದಿಲೀಪ್ ಮಹಾಲನಬಿಸ್ ಡ್ರಮ್ಮುಗಳಲ್ಲಿ ಉಪ್ಪು, ಗ್ಲೂಕೋಸ್ ಬೆರೆಸಿ ಕುಡಿಸಿದರು. ಸುಮಾರು 30% ಇದ್ದ ಸಾವು 3.6%ಕ್ಕೆ ಇಳಿಯಿತು. ಅಷ್ಟು ವರ್ಷ ಕಳೆದರೂ ಭೇದಿಯಿಂದ ವರ್ಷಕ್ಕೆ 4.4 ಲಕ್ಷದಷ್ಟು ಪುಟ್ಟ ಮಕ್ಕಳು ಸಾಯುತ್ತಿದ್ದಾರೆ.

ಯಾಕೆ? ಕರ್ನಾಟಕ ಮತ್ತು ಬಿಹಾರದ 253 ಪಟ್ಟಣಗಳಲ್ಲಿ ಖಾಸಗಿ ವೈದ್ಯರ ಬಳಿಗೆ 'ಮಗುವಿಗೆ ಭೇದಿ' ಎಂದು ಹೇಳುವ ಜನರನ್ನು ಕಳಿಸಿ ನೋಡಿದರು. 2024ರಲ್ಲಿ ಬಂದ ಫಲಿತಾಂಶ ನನಗೆ ಆಶ್ಚರ್ಯ ತಂದಿತು. ಓಆರ್‌ಎಸ್ ಬರೆಯದಿರಲು ಅವರ ಬಳಿ ಸ್ಟಾಕ್ ಇಲ್ಲದಿರುವುದು 6% ಕಾರಣ, ಬೇರೆ ಔಷಧದ ಲಾಭ 5% ಕಾರಣ. ಅತಿ ದೊಡ್ಡ ಕಾರಣ, 42%, 'ಇವರಿಗೆ ಓಆರ್‌ಎಸ್ ಇಷ್ಟವಿಲ್ಲ' ಎಂಬ ವೈದ್ಯರ ಊಹೆ. ತಂದೆಯಾಗಿ ಹೋದವನು ಓಆರ್‌ಎಸ್ ಬೇಕು ಎಂದು ಸೂಚಿಸಿದರೆ ಸಾಕು, ಬರೆಯುವುದು 27 ಶೇಕಡಾ ಅಂಶ ಏರಿತು.

ಹಾಗಾಗಿ ಮನೆಗೆಲಸಕ್ಕೆ ಬರುವ ಅಕ್ಕನಿಗೂ, ಊರಲ್ಲಿರುವ ಅತ್ತಿಗೆಗೂ ಇದನ್ನು ಹೇಳಿ: ಮಗುವಿಗೆ ಭೇದಿಯಾದರೆ ಡಾಕ್ಟರ ಹತ್ತಿರ ಬಾಯಿಬಿಟ್ಟು ಓಆರ್‌ಎಸ್ ಕೇಳಿ, ಜೊತೆಗೆ ಸತುವಿನ ಮಾತ್ರೆ ಅಂದರೆ ಝಿಂಕ್ ಕೂಡ ಕೇಳಿ. ಬಣ್ಣದ ಡಬ್ಬಿಯಲ್ಲಿ ಸಿಗುವ ಸಿಹಿ ಪಾನೀಯ ಓಆರ್‌ಎಸ್ ಅಲ್ಲ. ಅಂಥವುಗಳ ಹೆಸರಲ್ಲಿ ಆ ಪದ ಬಳಸುವಂತಿಲ್ಲ ಎಂದು 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆದೇಶ ಮಾಡಿದೆ. ಪ್ಯಾಕೆಟ್ಟಿನ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟಕ್ಕೇ ಕಲಸಿ, 24 ಗಂಟೆ ಆದ ಮೇಲೆ ಚೆಲ್ಲಿ. ಮಗು ಕುಡಿಯದೆ ಮಂಕಾದರೆ, ಕಣ್ಣು ಗುಳಿಬಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ಮನೆಯಲ್ಲಿ ಕೂರಬೇಡಿ. ಝಿಂಕ್ ಮಾತ್ರೆಯನ್ನು ಭೇದಿ ನಿಂತ ಮೇಲೂ ನಿಲ್ಲಿಸದೆ 14 ದಿನ ಪೂರ್ತಿ ಕೊಡಬೇಕು.